ಆಟಕ್ಕುಂಟು, ಲೆಕ್ಕಕ್ಕಿಲ್ಲ

ದೊಡ್ಡಪ್ಪ: ಏನಮ್ಮ, ಬೆಳಗ್ಗೆಯಿಂದ ಒಂದೇ ಹಾಳೆ ಇಟ್ಕೊಂಡು ಕೂತಿದ್ದೀಯ. ಕಾಫಿ ಆರಿ ಕೆನೆ ಕಟ್ತು.

ಮಗಳು: ಈ ಸೆಮಿಸ್ಟರಿಗೆ ನನಗೆ ಪ್ರಪಂಚದ ಚರಿತ್ರೆ ವಹಿಸಿದ್ದಾರೆ ದೊಡ್ಡಪ್ಪ. ಐದು ಸಾವಿರ ವರ್ಷವನ್ನ ನಾಲ್ಕು ತಿಂಗಳಲ್ಲಿ ಮುಗಿಸಬೇಕು. ಪಠ್ಯಕ್ರಮ ನೋಡಿ: ಮೆಸೊಪೊಟೇಮಿಯ, ಈಜಿಪ್ಟ್, ಸಿಂಧೂ, ಚೀನಾ, ಗ್ರೀಸ್, ರೋಮ್. ರೈಲ್ವೆ ಸ್ಟೇಷನ್ನುಗಳ ಪಟ್ಟಿ ಇದ್ದ ಹಾಗಿದೆ. ಒಂದೊಂದು ಸ್ಟೇಷನ್ನಲ್ಲೂ ಒಬ್ಬ ರಾಜ ಹತ್ತುತ್ತಾನೆ, ಮುಂದಿನದರಲ್ಲಿ ಇಳೀತಾನೆ. ಎಲ್ಲಿಂದ ಶುರು ಮಾಡ್ಲಿ ಅಂತ ಹೊಳೀತಿಲ್ಲ.

ದೊಡ್ಡಪ್ಪ: ನಮ್ಮ ಮೇಷ್ಟ್ರು ಬೆಂಕಿಯಿಂದ ಶುರು ಮಾಡ್ತಿದ್ರು. ಆಮೇಲೆ ಚಕ್ರ. ಚಕ್ರ ಉರುಳೋ ಹೊತ್ತಿಗೆ ಬೇಸಿಗೆ ರಜ ಬಂದುಬಿಡ್ತಿತ್ತು.

ಮಗಳು: ಬೆಂಕಿ ಹಚ್ಚಿದವನಿಗೂ ಹೆಸರಿಲ್ಲ, ಚಕ್ರ ಮಾಡಿದವನಿಗೂ ಹೆಸರಿಲ್ಲ. ಮೊದಲ ದಿನವೇ ನನಗೆ ಹೆಸರಿರೋ ಒಬ್ಬ ಮನುಷ್ಯ ಬೇಕು. ಅಂಥವನೊಬ್ಬ ಸಿಕ್ಕಿದ್ದಾನೆ, ಆದರೆ ಅವನು ರಾಜನಲ್ಲ. ದಕ್ಷಿಣ ಇರಾಕಿನಲ್ಲಿ ಉರುಕ್ ಅನ್ನೋ ಪಟ್ಟಣ ತಲೆಯೆತ್ತಿದ್ದ ಕಾಲ, ಅಂದರೆ ಕ್ರಿ.ಪೂ. 3000ಕ್ಕೂ ಹಿಂದೆ. ಅಂಗೈಯಗಲದ ಮಣ್ಣಿನ ಫಲಕದ ಮೇಲೆ 29,086 ಅಳತೆ ಬಾರ್ಲಿ, 37 ತಿಂಗಳು ಅಂತ ಇದೆ. ಜೊತೆಗೆ ‘ಕುಶಿಮ್’ ಅಂತ ಗುರುತು. ಬರವಣಿಗೆಯಲ್ಲಿ ನಮಗೆ ಸಿಕ್ಕಿರೋ ಅತಿ ಹಳೆಯ ಹೆಸರುಗಳಲ್ಲಿ ಅದೊಂದು. ಅದು ಆಸಾಮಿಯ ಹೆಸರೋ ಹುದ್ದೆಯ ಹೆಸರೋ ಅಂತ ವಿದ್ವಾಂಸರು ಇನ್ನೂ ವಾದ ಮಾಡ್ತಾರೆ.

ದೊಡ್ಡಪ್ಪ: ವಾದ ಯಾತಕ್ಕೆ? ನಮ್ಮಪ್ಪನ್ನ ಊರಲ್ಲಿ ಹೆಸರು ಹಿಡಿದು ಕರೆದವರೇ ಇಲ್ಲ. ‘ಶಾನುಭೋಗರು’ ಅಷ್ಟೆ. ಹುದ್ದೆಯೇ ಹೆಸರು. ಅದಿರಲಿ, ಮೂರು ವರ್ಷಕ್ಕೆ ಮೂವತ್ತಾರು ತಿಂಗಳಾಗ್ಬೇಕು. ಮೂವತ್ತೇಳನೇದು ಎಲ್ಲಿಂದ ಬಂತು? ಅಧಿಕಮಾಸ ಹಾಕಿದ್ದಾನೋ ಹೇಗೆ?

ಮಗಳು: ಇದ್ದರೂ ಇರಬಹುದು. ನೀವು ಬಿಡಿ, ಶಿರಸ್ತೇದಾರರಾಗಿ ರಿಟೈರ್ ಆದವರು, ಐದು ಸಾವಿರ ವರ್ಷದ ಹಿಂದಿನ ಲೆಕ್ಕದಲ್ಲೂ ಆಕ್ಷೇಪಣೆ ಎತ್ತುತ್ತೀರಿ. ಆ ಬಾರ್ಲಿ ಯಾತಕ್ಕೆ ಗೊತ್ತೆ? ಬಿಯರ್ ಮಾಡೋದಕ್ಕೆ.

ದೊಡ್ಡಪ್ಪ: ಹಾಗಾದರೆ ಚರಿತ್ರೆಯಲ್ಲಿ ಮೊದಲು ಹೆಸರು ಬರೆಸಿಕೊಂಡವನು ಅಬಕಾರಿ ಗುಮಾಸ್ತ! ಇದನ್ನ ನಮ್ಮ ಇಲಾಖೆಯವರಿಗೆ ಹೇಳಬೇಕಾಗಿತ್ತು. ನಾನು ಅಂದುಕೊಂಡಿದ್ದು, ಅಕ್ಷರ ಹುಟ್ಟಿದ್ದು ಮಂತ್ರ ಬರೆಯೋದಕ್ಕೆ, ಇಲ್ಲ ರಾಜನ ಬಿರುದಾವಳಿ ಕೆತ್ತೋದಕ್ಕೆ ಅಂತ.

ಮಗಳು: ಅಲ್ಲಿ ಹಾಗಾಗಲಿಲ್ಲ. ಉರುಕಿನ ಮಣ್ಣಲ್ಲಿ ಸಿಕ್ಕ ಆ ಕಾಲದ ಸಾವಿರಾರು ಫಲಕಗಳಲ್ಲಿ ಬಹುಪಾಲು ಬರೀ ಜಮೆ-ಖರ್ಚು. ಧಾನ್ಯ, ಕುರಿ, ಬಟ್ಟೆ, ಮೀನು, ಆಳುಗಳ ಪಡಿ. ಮಿಕ್ಕವು ಲಿಪಿ ಕಲಿಯೋ ಹುಡುಗರಿಗೆ ಪದಪಟ್ಟಿ. ಒಂದು ಕಥೆ ಇಲ್ಲ, ಒಂದು ಹಾಡಿಲ್ಲ. ‘ಉಣ್ಣು’ ಅನ್ನೋದಕ್ಕೆ ಅವರ ಗುರುತು ಒಂದು ತಲೆ, ಅದರ ಪಕ್ಕ ಒಂದು ಬಟ್ಟಲು. ಪಡಿ ಕೊಟ್ಟಿದ್ದನ್ನ ಬರೆಯೋದಕ್ಕೂ ಅದೇ. ಆ ಥರದ ಒರಟು ಮಣ್ಣಿನ ಬಟ್ಟಲು ಅಗೆದಲ್ಲೆಲ್ಲ ರಾಶಿರಾಶಿ ಸಿಗುತ್ತೆ.

ದೊಡ್ಡಪ್ಪ: ಅಕ್ಷರಕ್ಕೂ ಮೊದಲು ಲೆಕ್ಕ ಹೇಗೆ ಇಡ್ತಿದ್ರು? ನಮ್ಮಜ್ಜಿ ಮೊಸರಿನ ಲೆಕ್ಕಕ್ಕೆ ಗೋಡೆ ಮೇಲೆ ಸುಣ್ಣದ ಬೊಟ್ಟು ಇಡ್ತಿದ್ರು.

ಮಗಳು: ಅವರೂ ಹಾಗೇ. ಮಣ್ಣಿನ ಪುಟ್ಟ ಗೋಲಿ, ಶಂಕು, ಬಿಲ್ಲೆ. ಇಂತಿಂಥ ಆಕಾರಕ್ಕೆ ಇಂತಿಂಥ ಸಾಮಾನು. ಆಮೇಲೆ ಯಾರೂ ಕದಿಯದ ಹಾಗೆ ಅವನ್ನ ಹಸಿಮಣ್ಣಿನ ಉಂಡೆಯೊಳಗೆ ಮುಚ್ಚಿ ಮೇಲೆ ಮುದ್ರೆ ಒತ್ತಿದರು. ಒಳಗೆ ಎಷ್ಟಿದೆ ಅಂತ ಒಡೀದೆ ತಿಳೀಬೇಕಲ್ಲ? ಅದಕ್ಕೆ ಮುಚ್ಚೋ ಮುಂಚೆ ಅವೇ ಗೋಲಿಗಳನ್ನ ಹೊರಮೈಗೆ ಒತ್ತಿ ಗುರುತು ಮಾಡಿದರು. ಒಂದು ದಿನ ಯಾರಿಗೋ ಹೊಳೆದಿರಬೇಕು, ಗುರುತು ಹೊರಗೇ ಇದೆಯಲ್ಲ, ಒಳಗಿನ ಗೋಲಿ ಯಾಕೆ ಅಂತ. ಉಂಡೆ ಚಪ್ಪಟೆಯಾಗಿ ಫಲಕವಾಯ್ತು. ಡೆನಿಸ್ ಶ್ಮಾಂಟ್-ಬೆಸೆರಾ ಅನ್ನೋ ಪುರಾತತ್ವ ವಿದ್ವಾಂಸೆ ಬೆಳೆಸಿದ ವಾದ ಇದು. ಎಲ್ಲ ಗೋಲಿಗಳ ವಿಚಾರದಲ್ಲೂ ಇದನ್ನ ಎಲ್ಲರೂ ಒಪ್ಪಲ್ಲ, ಆದರೆ ಲೆಕ್ಕದಿಂದ ಅಕ್ಷರ ಬಂತು ಅನ್ನೋದು ಅಲ್ಲಿನ ಮಟ್ಟಿಗೆ ಗಟ್ಟಿ.

ದೊಡ್ಡಪ್ಪ: ನನಗೆ ಇನ್ನೊಂದು ಅನುಮಾನ. ಬಾರ್ಲಿ ಬಾರ್ಲಿ ಅಂತೀಯಲ್ಲ, ಗೆಡ್ಡೆ-ಗೆಣಸು ತಿಂದವರು ಇರಲಿಲ್ಲವೆ? ಅವರ ಹೆಸರು ಯಾಕೆ ಬರಲಿಲ್ಲ?

ಮಗಳು: ಕಂದಾಯದವರು ನೀವೇ ಹೇಳಿ. ಗೆಣಸಿನ ಮೇಲೆ ಕಂದಾಯ ಹೇಗೆ ಹಾಕ್ತೀರಿ?

ದೊಡ್ಡಪ್ಪ: ಹೂಂ... ಕಷ್ಟ. ನೆಲದೊಳಗೆ ಎಷ್ಟಿದೆ ಅಂತ ಯಾರು ಕಂಡರು? ಅವನಿಗೆ ಬೇಕಾದಾಗ ಬೇಕಾದಷ್ಟು ಕಿತ್ತುಕೊಂಡು ತಿಂತಾನೆ. ರಾಗಿ ಆದರೆ ತೆನೆ ಕಣ್ಣೆದುರು ನಿಂತಿರುತ್ತೆ, ಊರಿಗೂರೇ ಒಂದೇ ಸಲ ಕುಯ್ಲಿಗೆ ಬರುತ್ತೆ, ಕಣದಲ್ಲಿ ರಾಶಿ ಬೀಳುತ್ತೆ. ರಾಶಿ ಎತ್ತೋ ಮುಂಚೆ ಹೋಗಿ ಕೊಳಗ ಹಿಡಿದು ನಿಂತರೆ ಆಯ್ತು.

ಮಗಳು: ಜೇಮ್ಸ್ ಸ್ಕಾಟ್ ಅನ್ನೋ ಅಮೆರಿಕದ ವಿದ್ವಾಂಸ 2017ರಲ್ಲಿ ಒಂದು ಪುಸ್ತಕ ಬರೆದು ಹೇಳಿದ್ದು ಹತ್ತಿರಹತ್ತಿರ ಇದನ್ನೇ. ಹಳೆಯ ರಾಜ್ಯಗಳೆಲ್ಲ ಧಾನ್ಯದ ರಾಜ್ಯಗಳು, ಯಾಕಂದ್ರೆ ಧಾನ್ಯ ಎಣಿಕೆಗೆ ಸಿಗುತ್ತೆ.

ದೊಡ್ಡಪ್ಪ: ಎಣಿಕೆಗೆ ಸಿಗದಂತೆಯೂ ಮಾಡಬಹುದು ಕಣಮ್ಮ. ನಮ್ಮ ಕಡೆ ಹಗೇವು ಯಾಕಿತ್ತು ಅಂದುಕೊಂಡೆ? ನೆಲ ಅಗೆದು, ಸುತ್ತ ಹುಲ್ಲು ಒತ್ತಿ, ರಾಗಿ ಸುರಿದು, ಮೇಲೆ ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕೆಡ್ತಿರಲಿಲ್ಲ. ಬರಗಾಲಕ್ಕೂ ಆಯ್ತು, ದಂಡಿನ ಕಣ್ಣಿಗೂ ಬೀಳಲ್ಲ, ಶಾನುಭೋಗನ ಕಣ್ಣಿಗೂ ಬೀಳಲ್ಲ. ನಮ್ಮಪ್ಪನಿಗೆ ಮಾತ್ರ ಊರಲ್ಲಿ ಯಾರ ಹಗೇವು ಎಲ್ಲಿದೆ ಅಂತ ಗೊತ್ತಿತ್ತು. ಗೊತ್ತಿದ್ದೂ ಬರೀತಿರಲಿಲ್ಲ. ಅದಕ್ಕೆ ಪ್ರತಿಯಾಗಿ ಏನು ಬರ್ತಿತ್ತು ಅಂತ ಕೇಳಬೇಡ.

ಮಗಳು: ಕೇಳಿಲ್ಲವಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ.

ದೊಡ್ಡಪ್ಪ: ನೋಡ್ಕೊಂಡೆ, ಏನಿವಾಗ? ಅಟ್ಟದ ಮೇಲೆ ಇನ್ನೂ ಎರಡು ಕಡತ ಇದೆ ನೋಡು. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿದ್ದು. ಬಳಪದಲ್ಲಿ ಬರೆಯೋದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಕಪ್ಪು. ಶಾನುಭೋಗನಿಗೆ ಅದಕ್ಕಿಂತ ಅನುಕೂಲ ಇನ್ನೇನಿದೆ?

ಮಗಳು: ಶೃಂಗೇರಿ ಮಠದ ಕಡತಗಳಿಲ್ಲದಿದ್ದರೆ ಆ ಸೀಮೆಯ ಎಷ್ಟೋ ಚರಿತ್ರೆ ನಮಗೆ ಸಿಗ್ತಾನೇ ಇರಲಿಲ್ಲ. ಮಠದಲ್ಲಿತ್ತು, ಉಳೀತು. ಮಿಕ್ಕ ಕಡೆ ಗೆದ್ದಲಿನ ಪಾಲು. ಅಲ್ಲೇ ನೋಡಿ ವ್ಯತ್ಯಾಸ. ಮೆಸೊಪೊಟೇಮಿಯದಲ್ಲಿ ಕಲ್ಲೂ ಇಲ್ಲ, ಮರವೂ ಅಪರೂಪ, ಮಣ್ಣು ಮಾತ್ರ ಬೇಕಾದಷ್ಟು. ಹಾಗಾಗಿ ಸಾಲದ ಚೀಟಿಯೂ ಮಣ್ಣು, ಮದುವೆ ಕರಾರೂ ಮಣ್ಣು. ಮಣ್ಣಿಗೆ ಗೆದ್ದಲು ಹತ್ತಲ್ಲ. ಬೆಂಕಿ ಬಿದ್ದರಂತೂ ಇನ್ನೂ ಗಟ್ಟಿ.

ದೊಡ್ಡಪ್ಪ: ಬೆಂಕಿ ಬಿದ್ದರೆ ಗಟ್ಟಿಯೋ?

ಮಗಳು: ಗ್ರೀಸಿನ ಪೈಲೋಸ್ ಅರಮನೆ ಕಥೆ ಹೇಳ್ತೀನಿ ಕೇಳಿ. ಹೋಮರನ ಕಾವ್ಯದಲ್ಲಿ ನೆಸ್ಟರ್ ಅನ್ನೋ ಮುದಿ ರಾಜ ಬರ್ತಾನಲ್ಲ, ಅವನ ಊರು ಅಂತ ಪ್ರತೀತಿ. 1939ರಲ್ಲಿ ಕಾರ್ಲ್ ಬ್ಲೆಗನ್ ಅಲ್ಲಿ ಅಗೆದ ಮೊದಲ ದಿನವೇ ಫಲಕಗಳು ಸಿಕ್ಕಿದವು. ಓದೋರಿಲ್ಲ. 1952ರಲ್ಲಿ ಮೈಕೆಲ್ ವೆಂಟ್ರಿಸ್ ಆ ಲಿಪಿ ಒಡೆದ. ಅವನು ವೃತ್ತಿಯಿಂದ ಕಟ್ಟಡದ ಆರ್ಕಿಟೆಕ್ಟ್, ಲಿಪಿ ಅವನ ಹುಚ್ಚು. ವೀರರ ಕಥೆ ಸಿಗುತ್ತೆ ಅಂತ ಆಸೆಪಟ್ಟವರಿಗೆ ಸಿಕ್ಕಿದ್ದು ಕುರಿ ಎಷ್ಟು, ಕಂಚು ಎಷ್ಟು, ರಥದ ಗಾಲಿ ಎಷ್ಟು ಮುರಿದಿದೆ.

ದೊಡ್ಡಪ್ಪ: ಸ್ಟಾಕ್ ರಿಜಿಸ್ಟರ್.

ಮಗಳು: ಅದೂ ಒಂದೇ ವರ್ಷದ್ದು. ಅವರು ಫಲಕ ಸುಡ್ತಿರಲಿಲ್ಲ. ವರ್ಷ ಮುಗಿದ ಮೇಲೆ ನೀರಲ್ಲಿ ನೆನೆಹಾಕಿ ಅದೇ ಮಣ್ಣಲ್ಲಿ ಹೊಸ ಲೆಕ್ಕ, ನಿಮ್ಮ ಕಡತ ಒರೆಸಿದ ಹಾಗೆ. ಕ್ರಿ.ಪೂ. 1180ರ ಸುಮಾರಿಗೆ ಅರಮನೆಗೆ ಬೆಂಕಿ ಬಿತ್ತು. ಉಗ್ರಾಣದ ಎಣ್ಣೆ ಹತ್ತಿಕೊಂಡು ಉರೀತು. ಹಸಿ ಫಲಕಗಳೆಲ್ಲ ಇಟ್ಟಿಗೆ ಸುಟ್ಟ ಹಾಗೆ ಸುಟ್ಟು ಉಳಿದವು. ಕೊನೆಯ ವರ್ಷದ ಲೆಕ್ಕ ಮಾತ್ರ ನಮಗೆ ದಕ್ಕಿತು. ಅದರಲ್ಲಿ ಕಡಲ ತೀರ ಕಾಯೋದಕ್ಕೆ ಎಲ್ಲೆಲ್ಲಿ ಎಷ್ಟು ಜನ ಅಂತ ಒಂದು ಪಟ್ಟಿ ಇದೆ, ಸುಮಾರು 800 ಜನ. ದೋಣಿಗೆ ಹುಟ್ಟುಹಾಕೋರ ಪಟ್ಟಿ ಇದೆ. ಯಾರೋ ಬರ್ತಿದ್ದರು ಅನ್ನೋ ಭಯ ಇತ್ತೋ, ಅದು ವರ್ಷವರ್ಷದ ಮಾಮೂಲಿ ಕಾವಲೋ, ಹೇಳೋ ಹಾಗಿಲ್ಲ. ಬೆಂಕಿ ಇಟ್ಟವರ ಹೆಸರು ಮಾತ್ರ ಎಲ್ಲೂ ಇಲ್ಲ.

ದೊಡ್ಡಪ್ಪ: ಇರೋದಿಲ್ಲ. ಖಿರ್ದಿ ಬರೆಯೋನು ಬೆಂಕಿ ಬಿದ್ದ ಮೇಲೆ ಕೂತು ಬರೀತಾನೆಯೆ?

ಮಗಳು: ಅದರ ಆಸುಪಾಸಿನ ಐವತ್ತು ವರ್ಷಗಳಲ್ಲಿ ಬರೀ ಪೈಲೋಸ್ ಅಲ್ಲ, ಪೂರ್ವ ಮೆಡಿಟರೇನಿಯನ್ನಿನ ಎಷ್ಟೋ ಪಟ್ಟಣಗಳು ಕುಸಿದವು. ಹಿಟ್ಟೈಟರ ರಾಜಧಾನಿ ಬರಿದಾಯ್ತು, ಸಿರಿಯಾದ ಉಗಾರಿಟ್ ಸುಟ್ಟುಹೋಯ್ತು. ಗ್ರೀಸಿನಲ್ಲಿ ಅಕ್ಷರವೇ ಮರೆತುಹೋಯ್ತು, ನಾನೂರು ವರ್ಷದ ಹತ್ತಿರ. ಲೆಕ್ಕ ಕೇಳೋ ಅರಮನೆ ಇಲ್ಲದ ಮೇಲೆ ಲೆಕ್ಕ ಬರೆಯೋನು ಯಾಕೆ? ಅವರು ಮತ್ತೆ ಬರೆಯೋದಕ್ಕೆ ಕಲಿತದ್ದು ಫಿನಿಷಿಯನ್ ವ್ಯಾಪಾರಿಗಳ ಅಕ್ಷರದಲ್ಲಿ. ಪಠ್ಯಪುಸ್ತಕ ಇದನ್ನ ‘ಕತ್ತಲೆಯ ಯುಗ’ ಅನ್ನುತ್ತೆ.

ದೊಡ್ಡಪ್ಪ: ಯಾರಿಗೆ ಕತ್ತಲೆ? ಕುರಿ ಕಾಯೋನಿಗೆ ಅರಮನೆ ಹೋದರೆ ಕುರಿಲೆಕ್ಕ ಕೇಳೋರಿಲ್ಲ ಅಂತ ಅಷ್ಟೇ ಅಲ್ಲವೆ? 1961ರ ಕಾಯ್ದೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾದಾಗ ನಮ್ಮನೇಲಿ ಸೂತಕ. ಊರಲ್ಲಿ ಎಷ್ಟು ಜನ ಒಳಗೊಳಗೇ ಕಾಯಿ ಒಡೆದರೋ.

ಮಗಳು: ಅದನ್ನೇ ಹುಡುಗರಿಗೆ ಹೇಳಬೇಕು ಅಂತ ನನಗೂ ಆಸೆ. ಆದರೆ ಒಂದು ಎಚ್ಚರ ಬೇಕು ದೊಡ್ಡಪ್ಪ. ಆ ಕಾಲದಲ್ಲಿ ಗ್ರೀಸಿನ ಊರುಗಳು ಕುಗ್ಗಿದವು, ಜನಸಂಖ್ಯೆ ಇಳೀತು. ಕುರಿ ಕಾಯೋನೂ ಹಸಿದಿರಬಹುದು. ಅರಮನೆ ಬಿದ್ದರೆ ಬಡವನಿಗೆ ಹಬ್ಬ ಅಂತ ಹೇಳೋದು ಸುಲಭ, ಅಗೆದಾಗ ಸಿಗೋದು ಅಷ್ಟು ಸರಳವಾಗಿಲ್ಲ.

ದೊಡ್ಡಪ್ಪ: ಒಪ್ಪಿದೆ. ಸಾಲದ ವಿಷಯ ಏನು? ಲೆಕ್ಕ ಇದ್ದಲ್ಲಿ ಬಾಕಿ, ಬಾಕಿ ಇದ್ದಲ್ಲಿ ಬಡ್ಡಿ ಇದ್ದೇ ಇರಬೇಕಲ್ಲ.

ಮಗಳು: ಇತ್ತು. ಬೆಳೆ ಕೈಕೊಟ್ಟರೆ ರೈತ ಸಾಲ ತೀರಿಸೋಕಾಗದೆ ಮಗನನ್ನೋ ಮಗಳನ್ನೋ ಹೆಂಡತಿಯನ್ನೋ ಜೀತಕ್ಕೆ ಬಿಡ್ತಿದ್ದ. ಹೊಸ ರಾಜ ಪಟ್ಟಕ್ಕೆ ಬಂದಾಗ ಎಷ್ಟೋ ಸಲ ಸಾಲ ಮನ್ನಾ ಘೋಷಣೆ ಆಗ್ತಿತ್ತು. ಸುಮೇರಿಯನ್ ಭಾಷೆಯಲ್ಲಿ ಅದಕ್ಕೊಂದು ಮಾತಿದೆ, ‘ಅಮರ್ಗಿ’. ಬಿಡುಗಡೆ ಅಂತ ಅರ್ಥ, ಬಿಡಿಸಿ ನೋಡಿದರೆ ‘ತಾಯಿಯ ಹತ್ತಿರ ಮರಳೋದು’. ಜೀತಕ್ಕಿದ್ದ ಮಗು ಮನೆಗೆ ಬಂತು ಅಂತ.

ದೊಡ್ಡಪ್ಪ: ತಾಯಿಯ ಹತ್ತಿರ... ಆ ಮಾತು ಹುಟ್ಟಿಸಿದೋನು ಗುಮಾಸ್ತ ಆಗಿರಲಾರ.

ಮಗಳು: ಬ್ಯಾಬಿಲೋನಿನ ಅಮ್ಮಿಸದುಕ ಅನ್ನೋ ದೊರೆಯ ಶಾಸನ ಸುಮಾರಾಗಿ ಉಳಿದಿದೆ, ಕ್ರಿ.ಪೂ. 17ನೇ ಶತಮಾನದ್ದು. ಬಾರ್ಲಿ ಸಾಲ, ಬೆಳ್ಳಿ ಸಾಲ ಎಲ್ಲ ಮನ್ನಾ. ಆದರೆ ವರ್ತಕರು ವ್ಯಾಪಾರಕ್ಕೆ ಅಂತ ತಂದ ಬಂಡವಾಳಕ್ಕೆ ಮನ್ನಾ ಇಲ್ಲ. ಅದಕ್ಕಿಂತ ನಿಮಗೆ ಇಷ್ಟವಾಗೋದು ಇದು: ಬಡ್ಡಿಗೆ ಕೊಟ್ಟು, ಪತ್ರದಲ್ಲಿ ಮಾತ್ರ ಕ್ರಯ ಅಂತಲೋ ಠೇವಣಿ ಅಂತಲೋ ಬರೆಸಿಕೊಂಡವರನ್ನ ಬಿಡಬೇಡಿ ಅಂತ ಬೇರೆ ಕಲಮುಗಳೇ ಇವೆ.

ದೊಡ್ಡಪ್ಪ: ಶಿವನೇ! ದೇವರಾಜ ಅರಸರ ಕಾಲದಲ್ಲಿ, 1976ರಲ್ಲಿ ಋಣ ಪರಿಹಾರ ಕಾಯ್ದೆ ಬಂತಲ್ಲ, ನಾನಾಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಇದೇ ಆಟ. ಅದು ಸಾಲವೇ ಅಲ್ಲ ಸ್ವಾಮಿ, ಕ್ರಯ ಅಂತ ಪತ್ರ ಹಿಡ್ಕೊಂಡು ಬರ್ತಿದ್ರು. ಅಲ್ಲಿಗೂ ಇಲ್ಲಿಗೂ ಮೂರೂವರೆ ಸಾವಿರ ವರ್ಷ!

ಮಗಳು: ಇದನ್ನ ನಾನು ಮೂರನೇ ವಾರಕ್ಕೆ ಇಟ್ಕೋತೀನಿ.

ದೊಡ್ಡಪ್ಪ: ನಿನ್ನ ಮೆಸೊಪೊಟೇಮಿಯ ಮುಗಿಯೋದೇ ಇಲ್ಲ. ಈಜಿಪ್ಟಿಗೆ ಬಾ. ಪಿರಮಿಡ್ಡು.

ಮಗಳು: ಪಿರಮಿಡ್ಡಿನ ಬಗ್ಗೆ ಒಂದೇ ಮಾತು. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ ಪ್ಯಾಪಿರಸ್ ಚೂರುಗಳು ಸಿಕ್ಕಿದವು. ಮೆರರ್ ಅನ್ನೋ ಮೇಸ್ತ್ರಿಯ ದಿನಚರಿ. ಖುಫು ರಾಜನ ಮಹಾ ಪಿರಮಿಡ್ಡಿಗೆ ತುರಾ ಗಣಿಯಿಂದ ದೋಣಿಯಲ್ಲಿ ಸುಣ್ಣಕಲ್ಲು ಸಾಗಿಸಿದ ಲೆಕ್ಕ. ಇವತ್ತು ಹೊರಟೆವು, ಇಲ್ಲಿ ತಂಗಿದೆವು, ತಲುಪಿದೆವು, ಅಷ್ಟೆ. ಬರೆದ ಪ್ಯಾಪಿರಸ್ಸುಗಳಲ್ಲಿ ನಮಗೆ ಸಿಕ್ಕಿರೋ ಅತಿ ಹಳೆಯದು ಆ ಕಟ್ಟು. ಆದರೆ ನನಗೆ ಪಿರಮಿಡ್ಡಿಗಿಂತ ಡೇರ್ ಅಲ್-ಮದೀನಾ ಮುಖ್ಯ. ಮೂರನೇ ರಾಮ್ಸೆಸ್ಸನ 29ನೇ ವರ್ಷ, ಕ್ರಿ.ಪೂ. 1157ರ ಸುಮಾರು. ರಾಜರ ಗೋರಿ ಕೊರೆಯೋ ಕಲ್ಲುಕುಟಿಗರು, ಚಿತ್ರಗಾರರು ಇದ್ದ ಊರು ಅದು. ಸಂಬಳ ಅಂದರೆ ತಿಂಗಳ ಧಾನ್ಯ. ಬರಬೇಕಾದ್ದು ಬರಲಿಲ್ಲ. ಅವರು ಏನು ಮಾಡಿದರು ಹೇಳಿ.

ದೊಡ್ಡಪ್ಪ: ದೊರೆಗೆ ಅರ್ಜಿ ಹಾಕಿರ್ತಾರೆ.

ಮಗಳು: ಉಳಿ-ಸುತ್ತಿಗೆ ಕೆಳಗಿಟ್ಟು ಎದ್ದು ಬಂದು ದೇವಸ್ಥಾನದ ಹಿಂದೆ ಕೂತುಬಿಟ್ಟರು. ಹಸಿವು ನೀರಡಿಕೆ ತಾಳಲಾರದೆ ಬಂದಿದ್ದೀವಿ, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ, ಇದನ್ನ ಅರಸನಿಗೆ ಬರೀರಿ ಅಂದರು. ಬರೆದಿಟ್ಟವನು ಅವರ ಊರಿನ ಗುಮಾಸ್ತನೇ, ಅಮೆನ್ನಖ್ತ್ ಅಂತ. ಆ ಪ್ಯಾಪಿರಸ್ ಈಗ ಇಟಲಿಯ ಟ್ಯೂರಿನ್ ಮ್ಯೂಸಿಯಮ್ಮಿನಲ್ಲಿದೆ. ದಾಖಲೆಯಲ್ಲಿ ಸಿಕ್ಕ ಮೊದಲ ಮುಷ್ಕರ ಅದೇ.

ದೊಡ್ಡಪ್ಪ: ಧಾನ್ಯ ಸಿಕ್ಕಿತೋ?

ಮಗಳು: ಸಿಕ್ಕಿತು. ಮುಂದಿನ ತಿಂಗಳು ಮತ್ತೆ ನಿಂತಿತು, ಮತ್ತೆ ಕೂತರು.

ದೊಡ್ಡಪ್ಪ: ಸರಿ, ಲೆಕ್ಕದವರ ಪರವಾಗಿ ಒಬ್ಬನಾದರೂ ಒಳ್ಳೆ ಸಾಕ್ಷಿ ಸಿಕ್ಕ. ಆದರೆ ನಿನ್ನ ಪಾಠ ಎಲ್ಲ ಕಡೆ ಹೊಂದುತ್ತೋ? ಚೀನಾದಲ್ಲೂ ಹೀಗೆಯೋ?

ಮಗಳು: ಇಲ್ಲ. ಅಲ್ಲಿ ಸಿಕ್ಕಿರೋ ಹಳೆಯ ಬರಹ ಶಾಂಗ್ ಅರಸರದ್ದು, ಆಮೆಚಿಪ್ಪು, ದನದ ಮೂಳೆಯ ಮೇಲೆ. ಮಳೆ ಬರುತ್ತೋ, ರಾಣಿಗೆ ಹೆರಿಗೆ ಸುಸೂತ್ರವೋ ಅಂತ ಪಿತೃಗಳಿಗೆ ಕೇಳಿದ ಪ್ರಶ್ನೆಗಳು. ಆದರೆ ತಮಾಷೆ ಏನು ಅಂದರೆ, ಕೆಲವು ಚಿಪ್ಪಿನ ಅಂಚಿನಲ್ಲಿ ಸಣ್ಣದಾಗಿ, ಇಂಥವರು ಇಷ್ಟು ಚಿಪ್ಪು ಕಳಿಸಿದರು ಅಂತ ಬರೆದಿದೆ.

ದೊಡ್ಡಪ್ಪ: ಇನ್‌ವರ್ಡ್ ನಂಬರ್! ದೇವರ ಪ್ರಶ್ನೆಗೂ ಇನ್‌ವರ್ಡ್ ನಂಬರ್.

ಮಗಳು: ಸಿಂಧೂ ಕಣಿವೆಯಲ್ಲಿ ಇನ್ನೊಂದು ಥರ. ತೂಕದ ಕಲ್ಲುಗಳು ಹರಪ್ಪದಿಂದ ಲೋಥಲ್‌ವರೆಗೆ ಒಂದೇ ಪ್ರಮಾಣ, ಸಣ್ಣ ಕಲ್ಲುಗಳಲ್ಲಿ ಒಂದರ ಎರಡರಷ್ಟು ಇನ್ನೊಂದು. ಇಟ್ಟಿಗೆ ಕೂಡ 1:2:4. ಅಷ್ಟು ಶಿಸ್ತು ಇದ್ದೂ ಅರಮನೆ ಅಂತ ಕೈ ತೋರಿಸೋ ಕಟ್ಟಡ ಸಿಕ್ಕಿಲ್ಲ, ಲಿಪಿ ಓದೋಕಾಗಿಲ್ಲ. ಮೆಸೊಪೊಟೇಮಿಯದವರು ಆ ಸೀಮೆಯನ್ನ ಮೆಲುಹ್ಹ ಅಂತಿದ್ದರು ಅನ್ನೋದು ಬಹುಮಂದಿಯ ಅಭಿಪ್ರಾಯ. ಶು-ಇಲಿಶು ಅನ್ನೋನ ಮುದ್ರೆಯೊಂದು ಪ್ಯಾರಿಸ್ಸಿನಲ್ಲಿದೆ, ಅದರಲ್ಲಿ ಅವನ ಉದ್ಯೋಗ ‘ಮೆಲುಹ್ಹ ಭಾಷೆಯ ದುಭಾಷಿ’. ಆ ಭಾಷೆ ಬಲ್ಲವನ ಹೆಸರು ಉಳೀತು, ಭಾಷೆ ಹೋಯ್ತು.

ದೊಡ್ಡಪ್ಪ: ಅಕ್ಷರವೇ ಇಲ್ಲದೆ ರಾಜ್ಯ ಕಟ್ಟಿದವರು ಯಾರೂ ಇಲ್ಲವೆ?

ಮಗಳು: ಇದ್ದಾರೆ. ಪೆರುವಿನ ಇಂಕಾ ಜನ. ಆಂಡೀಸ್ ಬೆಟ್ಟದ ಉದ್ದಕ್ಕೂ ಸಾವಿರಾರು ಕಿಲೋಮೀಟರ್ ರಾಜ್ಯ, ರಸ್ತೆ, ಉಗ್ರಾಣಗಳ ಸಾಲು. ನೀವು ಹೇಳಿದ ಗೆಡ್ಡೆಗೂ ಅವರು ಉಪಾಯ ಕಂಡಿದ್ದರು. ಆಲೂಗೆಡ್ಡೆಯನ್ನ ರಾತ್ರಿ ಹಿಮಕ್ಕೆ ಇಟ್ಟು, ಹಗಲು ಬಿಸಿಲಿಗೆ ಹಾಕಿ, ತುಳಿದು ನೀರು ತೆಗೆದು ಒಣಗಿಸಿದರೆ ವರ್ಷಗಟ್ಟಲೆ ಉಳಿಯೋ ‘ಚುನ್ಯೋ’. ಆಗ ಗೆಡ್ಡೆಯೂ ಉಗ್ರಾಣಕ್ಕೆ ಬಂತು, ಲೆಕ್ಕಕ್ಕೂ ಬಂತು. ಲೆಕ್ಕ ಇಟ್ಟಿದ್ದು ದಾರದ ಗಂಟಿನಲ್ಲಿ, ಅದಕ್ಕೆ ‘ಕೀಪು’ ಅಂತಾರೆ. ಒಂದು ಅಡ್ಡ ದಾರಕ್ಕೆ ಇಳಿಬಿಟ್ಟ ಹತ್ತಾರು ದಾರ. ಗಂಟು ಎಲ್ಲಿದೆ ಅನ್ನೋದರ ಮೇಲೆ ಬಿಡಿ, ಹತ್ತು, ನೂರು. ದುಡ್ಡಿಲ್ಲ, ತೆರಿಗೆ ಅಂದರೆ ದುಡಿತ. ಸರದಿ ಪ್ರಕಾರ ಬಂದು ರಾಜನ ಹೊಲ, ರಸ್ತೆ, ಸೇತುವೆ ಕೆಲಸ ಮಾಡಬೇಕು.

ದೊಡ್ಡಪ್ಪ: ಬಿಟ್ಟಿ. ನಾವೀಗ ಪುಕ್ಕಟೆ ಸಿಕ್ಕಿದ್ದಕ್ಕೆಲ್ಲ ಬಿಟ್ಟಿ ಅಂತೀವಿ. ಸಂಸ್ಕೃತದ ವಿಷ್ಟಿಯಿಂದ ಬಂದ ಮಾತು, ಅರ್ಥ ಬಲವಂತದ ದುಡಿತ. ದೊರೆಗೆ ಪುಕ್ಕಟೆ, ಆಳಿಗೆ ಬೆನ್ನುಮುರಿತ.

ಮಗಳು: ಆ ಗಂಟಿಗೆ ಎಂಥ ಬೆಲೆ ಇತ್ತು ಅಂದರೆ, ಸ್ಪೇನಿನವರು ಬಂದು ರಾಜ್ಯ ನುಂಗಿದ ಮೇಲೆ, 1561ರಲ್ಲಿ ಹೌಹಾ ಸೀಮೆಯ ಒಡೆಯರು ಲಿಮಾದ ಸ್ಪೇನಿನ ನ್ಯಾಯಾಲಯಕ್ಕೆ ಕೀಪು ಹಿಡಿದುಕೊಂಡೇ ಹೋದರು. ಬಿಳಿಯರಿಗೆ ಮೊದಲ ದಿನದಿಂದ ಕೊಟ್ಟ ಮೆಕ್ಕೆಜೋಳ, ಲಾಮಾ, ಹೊದಿಕೆ, ಮಡಕೆ ಎಲ್ಲ ಗಂಟು ಓದಿ ಒಪ್ಪಿಸಿದರು. ಕೊಟ್ಟಿದ್ದಷ್ಟೇ ಅಲ್ಲ, ಲೂಟಿ ಆದದ್ದೂ ಅದರಲ್ಲಿ ಬೇರೆಯಾಗಿ ಇತ್ತು.

ದೊಡ್ಡಪ್ಪ: ಭೇಷ್! ಗೆದ್ದವನ ಕಚೇರಿಗೇ ಹೋಗಿ ಬಾಕಿ ತೋರಿಸೋದು! ಆಮೇಲೆ?

ಮಗಳು: 1583ರಲ್ಲಿ ಲಿಮಾದ ಚರ್ಚ್ ಮಹಾಸಭೆ ಹಳೆಯ ಪೂಜೆ-ಆಚಾರಗಳ ಕೀಪುಗಳನ್ನ ನಾಶ ಮಾಡಿ ಅಂತು, ವಿಗ್ರಹಾರಾಧನೆ ಅಂತ ಹೇಳಿ. ದಾರ ಮಣ್ಣಿನ ಹಾಗಲ್ಲ, ಸುಟ್ಟರೆ ಬೂದಿ. ಸಾವಿರ ಚಿಲ್ಲರೆ ಉಳಿದಿವೆ. ಸಂಖ್ಯೆ ಓದಬಹುದು, ಯಾವುದರ ಸಂಖ್ಯೆ ಅಂತ ಬಹುಪಾಲು ತಿಳಿಯಲ್ಲ.

ದೊಡ್ಡಪ್ಪ: ನಮ್ಮಲ್ಲಿ ಕಲ್ಲು ಉಳೀತು. ಆದರೆ ನೋಡು, ಕಲ್ಲಿನ ಮೇಲೆ ಬರೆದದ್ದು ಕೊಟ್ಟಿದ್ದನ್ನ. ಹಲ್ಮಿಡಿಯಲ್ಲೂ ದತ್ತಿಯೇ. ತಗೊಂಡದ್ದನ್ನ ಓಲೆಯಲ್ಲಿ ಬರೆದರು, ಅದು ಹೋಯ್ತು.

ಮಗಳು: ಪೂರ್ತಿ ಹೋಗಿಲ್ಲ. ಗಾಣದೆರೆ, ಮಗ್ಗದೆರೆ ಅಂತ ಶಾಸನಗಳಲ್ಲಿ ಬರುತ್ತೆ, ವಿಜಯನಗರದವರು ಮದುವೆ ಸುಂಕ ಬಿಟ್ಟದ್ದೂ ಬರುತ್ತೆ. ಬಿಟ್ಟೆ ಅಂತ ಬರೆಸಿದ್ದರಿಂದಲೇ ತಗೋತಿದ್ದರು ಅಂತ ಗೊತ್ತಾಯ್ತು. ಆದರೂ ನಿಮ್ಮ ಮಾತು ಸರಿ, ಕಲ್ಲು ಧರ್ಮಕ್ಕೆ, ಓಲೆ ವಸೂಲಿಗೆ.

ದೊಡ್ಡಪ್ಪ: ಒಟ್ಟಿನಲ್ಲಿ ನಾಗರಿಕತೆ ಅನ್ನೋ ಮಾತೇ ನಗರದ್ದು. ಊರಾಚೆ ಇದ್ದವನು, ಕಾಡಲ್ಲಿದ್ದವನು, ಕಡತಕ್ಕೆ ಸಿಗದವನು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಮಗಳು: ಟರ್ಕಿಯ ಗೊಬೆಕ್ಲಿ ತೆಪೆಯಲ್ಲಿ ಆಳೆತ್ತರ ಮೀರಿದ ಕಲ್ಲುಕಂಬ ನಿಲ್ಲಿಸಿದವರು ಅಂಥವರೇ. ಹನ್ನೊಂದು ಸಾವಿರ ವರ್ಷದ ಹಿಂದೆ, ಬೇಟೆ ಆಡ್ತಿದ್ದ ಜನ. ನರಿ, ಹಾವು, ಹದ್ದು ಕೆತ್ತಿದರು. ಎಷ್ಟು ಆಳು ಎಷ್ಟು ದಿನ ಅಂತ ಯಾರೂ ಬರೆದಿಡಲಿಲ್ಲ. ನಮ್ಮ ಪಠ್ಯಕ್ರಮದಲ್ಲಿ ಅದಕ್ಕೆ ಸ್ಟೇಷನ್ನೇ ಇಲ್ಲ. ನಾನು ಸೇರಿಸ್ತೀನಿ, ಪರೀಕ್ಷೆಗೆ ಬರದಿದ್ದರೂ ಪರವಾಗಿಲ್ಲ.

ದೊಡ್ಡಪ್ಪ: ಕಡತದೊಳಗೆ ಇರೋರೂ ಸರಿಯಾಗಿ ಇರ್ತಾರೆ ಅಂದುಕೋಬೇಡ. ಹೆಂಗಸರ ಲೆಕ್ಕ ಇದೆಯೋ ನಿನ್ನ ಫಲಕದಲ್ಲಿ?

ಮಗಳು: ಬೇಕಾದಷ್ಟಿದೆ. ಉರ್ ಪಟ್ಟಣದ ಮೂರನೇ ರಾಜವಂಶ, ಕ್ರಿ.ಪೂ. 2100ರ ಆಸುಪಾಸು. ಅಷ್ಟು ಲೆಕ್ಕ ಬರೆದ ಸರ್ಕಾರ ಆ ಕಾಲದಲ್ಲಿ ಇನ್ನೊಂದಿಲ್ಲ. ಉಣ್ಣೆ ನೇಯೋ ಹೆಂಗಸರು ಸಾವಿರಾರು, ಹಿಟ್ಟು ಬೀಸೋರು, ಕಾಲುವೆ ಕೆಲಸದವರು. ತಿಂಗಳ ಪಡಿ ಬಾರ್ಲಿ. ಅಳತೆಯ ಹೆಸರು ಸಿಲ, ಒಂದು ಸಿಲ ಅಂದರೆ ಹೆಚ್ಚೂಕಡಿಮೆ ಒಂದು ಲೀಟರು. ನಿಮ್ಮನೆ ಕೂಲಿ ಪುಸ್ತಕದಲ್ಲಿ ಹೇಗಿತ್ತು?

ದೊಡ್ಡಪ್ಪ: ಎರಡು ಕಾಲಮ್ಮು. ಗಂಡಾಳು, ಹೆಣ್ಣಾಳು. ಗಂಡಾಳಿಗೆ ಎರಡು ಸೇರು, ಹೆಣ್ಣಾಳಿಗೆ ಒಂದೂಕಾಲು. ನಾಟಿ ಮಾಡಿದ್ದು, ಕಳೆ ಕಿತ್ತಿದ್ದೆಲ್ಲ ಹೆಂಗಸರೇ. ಯಾಕೆ ಹಾಗೆ ಅಂತ ನಾನೂ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಬರೆದುಕೊಂಡು ಬಂದೆವು. ಅಲ್ಲಿ ಎಷ್ಟಂತೆ?

ಮಗಳು: ಗಂಡಾಳಿಗೆ 60 ಸಿಲ. ಹೆಣ್ಣಾಳಿಗೆ 30.